ಇಳಿತದ ಹೊತ್ತಿನ ದಾದರ್

ದಾದರಿನ ಕಡಲನ್ನು ಸರಿಯಾಗಿ ನೋಡಬೇಕೆಂದರೆ ಗಡಿಯಾರ ಸಾಲದು, ಪಂಚಾಂಗ ಬೇಕು. ತಿಥಿಯ ಮುಕ್ಕಾಲು ಪಾಲು ಎಷ್ಟೋ ಅಷ್ಟು ಗಂಟೆಗೆ ಭರತ ತುಂಬುತ್ತದೆ ಎಂಬುದು ಈ ದಂಡೆಯ ಹಳೆಯ ಲೆಕ್ಕ. ಅಷ್ಟಮಿಯಾದರೆ ಎಂಟರ ಮುಕ್ಕಾಲು ಆರು, ಆರು ಗಂಟೆಗೆ ಭರತ. ಹುಣ್ಣಿಮೆ, ಅಮಾವಾಸ್ಯೆಗಳಂದು ಹದಿನೈದರ ಮುಕ್ಕಾಲು ಹನ್ನೊಂದೂಕಾಲು. ಅಲ್ಲಿಂದ ಆರು ಗಂಟೆ ಆಚೀಚೆಗೆ ಎಣಿಸಿದರೆ ಇಳಿತ. ಹಾಗಾಗಿ ಮುಂಬಯಿಯಲ್ಲಿ ನೀರು ಅತಿ ದೂರ ಸರಿಯುವುದು ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನ ನಾಲ್ಕೈದು ದಿನ, ಅದೂ ಬೆಳಗಿನ ಜಾವ ಮತ್ತು ಸಂಜೆ. ಆ ದಿನಗಳ ದೊಡ್ಡ ಏರಿಳಿತವನ್ನು ಇಲ್ಲಿನ ಕೋಲಿ ಮೀನುಗಾರರು ಉಧಾಣ ಎನ್ನುತ್ತಾರೆ, ಅಷ್ಟಮಿಯ ಸುತ್ತಿನ ಸಣ್ಣದನ್ನು ಭಾಂಗ ಎನ್ನುತ್ತಾರೆ. ಭಾಂಗದ ದಿನ ಕ್ಯಾಮೆರಾ ಹೊತ್ತು ಹೋದರೆ ಮರಳು ಸಿಗುತ್ತದೆ, ಬಂಡೆ ಸಿಗುವುದಿಲ್ಲ.

ನಾನು ಕುಮಟಾ ಕಡೆಯವಳು, ಕಡಲು ನೋಡಿಯೇ ಬೆಳೆದವಳು. ಆದರೆ ನಮ್ಮ ಕಡೆ ಭರತಕ್ಕೂ ಇಳಿತಕ್ಕೂ ಇರುವ ಅಂತರ ಸುಮಾರು ಎರಡು ಮೀಟರಿನೊಳಗಿನದು. ಮದುವೆಯಾಗಿ ದಾದರಿಗೆ ಬಂದ ಮೇಲೆ ಕಂಡದ್ದೇ ಬೇರೆ. ಉಧಾಣದ ದಿನ ಇಲ್ಲಿ ನೀರು ಐದು ಮೀಟರಿನ ಹತ್ತಿರದವರೆಗೆ ಏರಿಳಿಯುತ್ತದೆ. ರಾತ್ರಿ ಊಟ ಮುಗಿಸಿ ಹೋದಾಗ ಗೋಡೆಗೆ ಅಪ್ಪಳಿಸುತ್ತಿದ್ದ ಸಮುದ್ರ ಬೆಳಗ್ಗೆ ಹೋದರೆ ಅಲ್ಲಿಲ್ಲ. ಅದರ ಜಾಗದಲ್ಲಿ ಕಪ್ಪು ಬಂಡೆಗಳ ಹಾಸು, ನಡುನಡುವೆ ನೀರು ನಿಂತ ಗುಂಡಿಗಳು, ಬಗ್ಗಿ ಏನನ್ನೋ ಕೀಳುತ್ತಿರುವ ಹೆಂಗಸರು. ಭಾವನವರ ಆಗ್ಫಾ ಕ್ಲಿಕ್ ಕ್ಯಾಮೆರಾವನ್ನು ನಾನು ಮೊದಲು ಕೇಳಿ ಪಡೆದದ್ದು ಅದಕ್ಕಾಗಿ. ಬಿಸಿಲು, ಮೋಡ ಎಂದು ಗುರುತು ಹಾಕಿದ ಆ ಡಬ್ಬಿಯಲ್ಲಿ ಒಂದು ರೋಲಿಗೆ 12 ಚಿತ್ರ. ಅತ್ತೆ ಬಾಗಿಲಲ್ಲಿ ನಿಂತು, "ಆ ರಾಡಿ ಕಲ್ಲಲ್ಲಿ ಎಂತಾ ಫೋಟೋ ಹೊಡಿತ್ಯೇ ಮಾರಾಯ್ತಿ" ಎಂದು ಕೇಳುತ್ತಿದ್ದರು. ಅವರ ಪ್ರಶ್ನೆಗೆ ಉತ್ತರ ಹೇಳಲು ನನಗೆ ಬಹಳ ವರ್ಷ ಬೇಕಾಯಿತು. ಈ ಬರಹ ಆ ಉತ್ತರವೇ.

ದಾದರ್ ಪಶ್ಚಿಮದಲ್ಲಿ, ಕೀರ್ತಿ ಕಾಲೇಜಿನ ಗಲ್ಲಿಯಲ್ಲಿ ವಡಾಪಾವ್ ಅಂಗಡಿ ದಾಟಿ ಕೊನೆಗೆ ಹೋದರೆ ದಂಡೆ. ಅಲ್ಲಿಂದ ಎಡಕ್ಕೆ ಪ್ರಭಾದೇವಿ, ವರ್ಲಿ; ಬಲಕ್ಕೆ ಚೈತ್ಯಭೂಮಿ, ಶಿವಾಜಿ ಪಾರ್ಕ್, ಮಾಹೀಮ್. ಇಳಿತದಲ್ಲಿ ಬಂಡೆಯ ಮೇಲೆ ನಿಂತರೆ ಎಡತುದಿಯಲ್ಲಿ ಇಂಗ್ಲಿಷರು 1675ರ ಸುಮಾರಿಗೆ ಕಟ್ಟಿದ ವರ್ಲಿ ಕೋಟೆ, ಬಲತುದಿಯಲ್ಲಿ ಪೋರ್ಚುಗೀಸರು 1640ರಲ್ಲಿ ಕಟ್ಟಿದ ಬಾಂದ್ರಾ ಕೋಟೆ. ಎರಡರ ನಡುವಿನದು ಮಾಹೀಮ್ ಕೊಲ್ಲಿ. ಬಾಂದ್ರಾದ ಆ ತುದಿಯ ಬ್ಯಾಂಡ್‌ಸ್ಟ್ಯಾಂಡಿನಲ್ಲಿ, ಇಂಥದ್ದೇ ಬಂಡೆಗಳಿಗೆ ಮುಖ ಮಾಡಿದ ಮನೆಯಲ್ಲಿ ನಮ್ಮ ತಾಲ್ಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು ಬಾಳಿದರು, ಬರೆದರು. ಕುಮಟಾದವಳಾದ ನನಗೆ ಆ ದಿಕ್ಕಿಗೆ ನೋಡಿದಾಗಲೆಲ್ಲ ಅದು ನೆನಪಾಗುತ್ತದೆ.

ಕಾಲ ಕೆಳಗಿನ ಕಲ್ಲು ದಖ್ಖನ್ ಪೀಠಭೂಮಿಯದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ಪದರಗಳು ಇಲ್ಲಿ ಪಶ್ಚಿಮಕ್ಕೆ ವಾಲಿ ನೀರಿಗಿಳಿದಿವೆ. ಒಂದು ಪ್ರವಾಹಕ್ಕೂ ಮುಂದಿನದಕ್ಕೂ ನಡುವಿನ ಬಿಡುವಿನಲ್ಲಿ ಇಲ್ಲಿ ಕೆರೆಗಳಿದ್ದವು, ಕೆರೆಗಳಲ್ಲಿ ಕಪ್ಪೆಗಳಿದ್ದವು. ಪಕ್ಕದ ವರ್ಲಿ ಗುಡ್ಡದ ಪದರಗಳಲ್ಲಿ ಸಿಕ್ಕ ಆ ಪುಟ್ಟ ಕಪ್ಪೆಯ ಪಳೆಯುಳಿಕೆಯನ್ನು ಲಂಡನ್ನಿನ ರಿಚರ್ಡ್ ಓವನ್ 1847ರಲ್ಲಿ ವರ್ಣಿಸಿದರು. ಇಷ್ಟು ಹಳೆಯ ಕಲ್ಲು ದಾದರಿನಲ್ಲಿ ಬೇರೆಲ್ಲಿಯೂ ಬರಿಗಣ್ಣಿಗೆ ಬೀಳುವುದಿಲ್ಲ. ಊರೆಲ್ಲ ಮಣ್ಣು, ಡಾಂಬರು, ಕಟ್ಟಡ.

ಈ ಊರು ಮುಚ್ಚಿ ಕಟ್ಟಿದ ಊರು. ಮುಂಬಯಿಯ ಏಳು ದ್ವೀಪಗಳಲ್ಲಿ ಮಾಹೀಮ್, ಪರೇಲ್, ವರ್ಲಿ ಎಂಬ ಮೂರು ಇಂದಿನ ದಾದರಿನ ಸುತ್ತಮುತ್ತಲಿನವು. ಭರತ ಬಂದಾಗ ಇವುಗಳ ನಡುವಿನ ತಗ್ಗಿಗೆ ಉಪ್ಪುನೀರು ನುಗ್ಗುತ್ತಿತ್ತು, ಇಳಿತದಲ್ಲಿ ಕೆಸರು ಉಳಿಯುತ್ತಿತ್ತು. ಗವರ್ನರ್ ವಿಲಿಯಂ ಹಾರ್ನ್‌ಬಿ ಕಾಲದಲ್ಲಿ, 1784ರ ಹೊತ್ತಿಗೆ, ವರ್ಲಿ ಮತ್ತು ಮಹಾಲಕ್ಷ್ಮಿಯ ನಡುವಿನ ದೊಡ್ಡ ಬಿರುಕಿಗೆ ಕಟ್ಟೆ ಕಟ್ಟಿ ಆ ನೀರನ್ನು ತಡೆದರು. 1845ರಲ್ಲಿ ಲೇಡಿ ಆವಾಬಾಯಿ ಜಮ್‌ಶೆಟ್‌ಜಿ ಅವರ ಹಣದಿಂದ ಮಾಹೀಮ್ ಮತ್ತು ಬಾಂದ್ರಾ ನಡುವೆ ರಸ್ತೆ ಬಂತು. ಆಗಲೂ ದಾದರ್ ಎಂದರೆ ತೆಂಗಿನ ತೋಟ, ಭತ್ತದ ಗದ್ದೆ, ತೆಂಗಿನ ಮರದಿಂದ ಕಳ್ಳಿಳಿಸುವ ಭಂಡಾರಿಗಳು, 1596ರಷ್ಟು ಹಿಂದಿನ ಪೋರ್ಚುಗೀಸ್ ಚರ್ಚು, ದಂಡೆಯಲ್ಲಿ ಕೋಲಿಗಳ ದೋಣಿ. 1896ರ ಪ್ಲೇಗು ಊರಿನ ಒಳಭಾಗವನ್ನು ಹಿಂಡಿದ ಮೇಲೆ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಈ ಕಡೆ ಬಡಾವಣೆ ಹಾಕಿತು: ದಾದರ್, ಮಾಟುಂಗಾ, ವಡಾಲಾ, ಸಾಯನ್. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಬಂದ ನಮ್ಮವರ ಹೋಟೆಲು, ಸಂಘ, ಮನೆಗಳಿಗೆ ನೆಲ ಸಿಕ್ಕದ್ದು ಆ ಬಡಾವಣೆಗಳಲ್ಲಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ ಇರುವುದೂ ಅಲ್ಲೇ. ಶಿವಾಜಿ ಪಾರ್ಕು 1925ರದ್ದು, ಮೊದಲು ಅದರ ಹೆಸರು ಮಾಹೀಮ್ ಪಾರ್ಕ್.

ಇಷ್ಟೆಲ್ಲ ತುಂಬಿ, ಮುಚ್ಚಿ, ಮಟ್ಟ ಮಾಡಿದ ಮೇಲೆ ಯಾರೂ ಮುಟ್ಟದೆ ಉಳಿದದ್ದು ಭರತದ ಗೆರೆಗೂ ಇಳಿತದ ಗೆರೆಗೂ ನಡುವಿನ ಈ ಪಟ್ಟಿ ಮಾತ್ರ. ತಿಂಗಳಿಗೆ ಕೆಲವೇ ದಿನ, ದಿನಕ್ಕೆ ಒಂದೆರಡು ತಾಸು ಕಾಣುವ ನೆಲ ಅದು. ಅದರ ಇತಿಹಾಸವನ್ನು ಹೇಳಬಲ್ಲ ಚಿತ್ರಗಳು ಎಲ್ಲಿ ಎಂದು ನಾನು ಹುಡುಕಿದೆ.

ಕ್ಯಾಮೆರಾ ಮುಂಬಯಿಗೆ ಬೇಗನೇ ಬಂತು. 1854ರಲ್ಲಿ ಇಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಶುರುವಾಯಿತು. ಡಾ. ಭಾವು ದಾಜಿ ಅದರ ಸದಸ್ಯರು. ಅವರ ತಮ್ಮ ನಾರಾಯಣ ದಾಜಿ ಸ್ವತಃ ಫೋಟೋ ತೆಗೆಯುತ್ತಿದ್ದರು. ಮರುವರ್ಷವೇ ಎಲ್ಫಿನ್‌ಸ್ಟನ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಫೋಟೋ ತರಗತಿ. ಅಲ್ಲಿ ಕಲಿತ ಹರಿಶ್ಚಂದ್ರ ಚಿಂತಾಮಣಿ ಈ ಊರಿನಲ್ಲಿ ಸ್ಟುಡಿಯೋ ತೆರೆದ ಮೊದಲ ಭಾರತೀಯರಲ್ಲೊಬ್ಬರು. ಆದರೂ ಬೆಳಗಿನ ಜಾವದ ಬಂಡೆಯ ಚಿತ್ರ ಅವರಿಂದ ಆಗುವಂಥದ್ದಲ್ಲ. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಹಸಿ ಪ್ಲೇಟಿನ ವಿಧಾನದಲ್ಲಿ ಗಾಜಿಗೆ ಕಲೋಡಿಯನ್ ಹಚ್ಚಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಹಸಿ ಇರುವಾಗಲೇ ಕ್ಯಾಮೆರಾದಲ್ಲಿಟ್ಟು, ಹಸಿ ಇರುವಾಗಲೇ ತೊಳೆಯಬೇಕು. ಹತ್ತು ನಿಮಿಷ ತಡವಾದರೆ ಒಣಗಿ ಹಾಳು. ಅಂದರೆ ಕತ್ತಲೆ ಕೋಣೆಯ ಡೇರೆ, ಬಾಟಲಿಗಳು, ಸಿಹಿನೀರು ಎಲ್ಲವನ್ನೂ ಪಾಚಿ ಕಟ್ಟಿದ ಕಲ್ಲಿನ ಮೇಲೆ ಹೊತ್ತೊಯ್ಯಬೇಕು. ಆ ಪ್ಲೇಟು ನೀಲಿ ಬೆಳಕಿಗೆ ಮಾತ್ರ ಚುರುಕು. ಕಪ್ಪು ಬಂಡೆ ಮೂಡುವಷ್ಟು ಬೆಳಕು ಕೊಟ್ಟರೆ ಆಕಾಶ ಸುಟ್ಟು ಬಿಳಿಯಾಗುತ್ತದೆ, ಅಲೆಗಳು ಹಿಂಜಿದ ಹತ್ತಿಯಾಗುತ್ತವೆ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856–57ರಲ್ಲಿ ಹೆಸರಾಂತ ಸಮುದ್ರದ ಚಿತ್ರಗಳನ್ನು ಮಾಡಿದಾಗ ಕೆಲವಕ್ಕೆ ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ತೆಗೆದು ಎರಡನ್ನೂ ಸೇರಿಸಿ ಅಚ್ಚು ಹಾಕಿದರು.

ಮುಂಬಯಿಯಲ್ಲೂ ಸೇರಿಸುವ ಕೆಲಸ ನಡೆಯಿತು. ವಿಲಿಯಂ ಜಾನ್ಸನ್ 1863 ಮತ್ತು 1866ರಲ್ಲಿ ಈ ಊರಿನ ಜನಾಂಗಗಳ ಕುರಿತು ಎರಡು ಸಂಪುಟ ತಂದರು. ಅದರಲ್ಲಿ ಜನರನ್ನು ಒಂದು ಕಡೆ ತೆಗೆದು, ಹಿಂದಿನ ದೃಶ್ಯವನ್ನು ಇನ್ನೊಂದು ಕಡೆ ತೆಗೆದು ಕೂಡಿಸಿದ್ದಾರೆ. ಪುಸ್ತಕ ಅಮೂಲ್ಯ, ಆದರೆ ಆ ಹಿನ್ನೆಲೆ ನಂಬಿ ದಂಡೆಯ ಚರಿತ್ರೆ ಬರೆಯಲಾಗದು. ಉಳಿದವರೆಲ್ಲ ಕೋಟೆ ಪ್ರದೇಶ, ಬಂದರು, ಹಡಗು, ಸರಕಾರಿ ಕಟ್ಟಡಗಳ ಹಿಂದೆ ಹೋದರು. ನಾನು ನೋಡಿದ ಹಳೆಯ ಮುದ್ರಿಕೆಗಳಲ್ಲಿ ದಾದರಿನ ಬಂಡೆಗೆಂದೇ ತೆಗೆದ ಒಂದು ಚಿತ್ರವೂ ಇಲ್ಲ.

ಇದು ನನಗೆ ಇಂದಿಗೂ ಬೇಸರದ ವಿಷಯ, ಏಕೆಂದರೆ ದಾದರ್ ಕ್ಯಾಮೆರಾದ ಊರು. ದಾದಾಸಾಹೇಬ್ ಫಾಲ್ಕೆ 1912ರಲ್ಲಿ ಲಂಡನ್ನಿನಿಂದ ಕ್ಯಾಮೆರಾ ತಂದು, ಬಟಾಣಿ ಕಾಳು ಮೊಳೆತು ಬೆಳೆಯುವುದನ್ನು ಚೌಕಟ್ಟು ಚೌಕಟ್ಟಾಗಿ ಹಿಡಿದರು. ಅದೇ ಜಾಗದಲ್ಲಿ ದಿನ ದಿನವೂ ಕ್ಯಾಮೆರಾ ಇಟ್ಟು ಕಾಯುವುದು: ದಂಡೆಗೂ ಬೇಕಾದದ್ದು ಅದೇ ವಿಧಾನ! ದಾದರಿನ ಬಂಗಲೆಯಲ್ಲೇ ಅವರು 'ರಾಜಾ ಹರಿಶ್ಚಂದ್ರ' ತಯಾರಿಸಿದರು. 1913ರ ಮೇ 3ರಂದು ಅದು ಗಿರಗಾಂವದ ಕಾರೊನೇಷನ್ ಥಿಯೇಟರಿನಲ್ಲಿ ತೆರೆಕಂಡಿತು. ಅವರ ಹೆಸರಿನ ರಸ್ತೆ ಈಗಲೂ ದಾದರ್ ಪೂರ್ವದಲ್ಲಿದೆ. ಆಮೇಲೆ ರಂಜಿತ್‌ನಂಥ ಸ್ಟುಡಿಯೋಗಳು ಬಂದವು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಛಾಯಾಗ್ರಹಣ ಕಲಿತು, ಮುಂಬಯಿಗೆ ಬಂದು ಗುರುದತ್ತರ 'ಕಾಗಜ್ ಕೆ ಫೂಲ್'ಗೆ ಬೆಳಕು ಕೊಟ್ಟ ವಿ. ಕೆ. ಮೂರ್ತಿಯವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂದಾಗ, ಅದನ್ನು ಪಡೆದ ಮೊದಲ ಛಾಯಾಗ್ರಾಹಕ ನಮ್ಮವರು ಎಂದು ನಾವೆಲ್ಲ ಹಿಗ್ಗಿದೆವು. ಇಷ್ಟೊಂದು ಕ್ಯಾಮೆರಾ ಇದ್ದ ಊರಿನಲ್ಲಿ ಸಮುದ್ರದ ಕಡೆ ತಿರುಗಿದವು ಕಡಿಮೆ.

ತಿರುಗಿದ್ದು ಮನೆಯವರ ಕ್ಯಾಮೆರಾ. 1956ರ ಡಿಸೆಂಬರ್ 7ರಂದು ಡಾ. ಅಂಬೇಡ್ಕರ್ ಅವರ ಅಂತ್ಯಕ್ರಿಯೆ ನಡೆದದ್ದು ಈ ಮರಳಿನಲ್ಲಿ. ಅಂದಿನ ಆ ಚಿತ್ರಗಳನ್ನು ಬಿಟ್ಟರೆ, ದಾದರ್ ಚೌಪಾಟಿಯ ಹೆಚ್ಚಿನ ಫೋಟೋಗಳು ಜನರ ಮನೆಯ ಆಲ್ಬಮ್ಮುಗಳಲ್ಲಿವೆ. ಊಟಿಯ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್‌ನ ಇಂದು ಫಿಲ್ಮು, ಪೂರ್ವ ಜರ್ಮನಿಯ ಓರ್ವೋ, ಇವುಗಳಲ್ಲಿ ಮೂಡಿದ ಕಪ್ಪು-ಬಿಳುಪು ಚೌಕಗಳು. ಎಲ್ಲರೂ ಸಮುದ್ರಕ್ಕೆ ಬೆನ್ನು ಹಾಕಿ, ಕ್ಯಾಮೆರಾಕ್ಕೆ ಮುಖ ಕೊಟ್ಟು ನಿಂತಿದ್ದಾರೆ. ಬೆನ್ನ ಹಿಂದೆ, ಯಾರೂ ಗಮನಿಸದ ಬಂಡೆ.

ನಮ್ಮ ಮನೆಯ ಆಲ್ಬಮ್ಮಿನಲ್ಲೂ ಅಂಥದೊಂದಿದೆ. ಭಾವನವರು ಅರ್ಧ ಚಡ್ಡಿಯಲ್ಲಿ, ನನ್ನ ಯಜಮಾನರು ಅವರ ಕೈ ಹಿಡಿದು. ಎಡ ಮೂಲೆಯಲ್ಲಿ ಮಂಚದಷ್ಟು ಅಗಲದ ಬಂಡೆ, ಅದರ ಮೈಮೇಲೆ ಮೇಲಿನಿಂದ ಓರೆಯಾಗಿ ಇಳಿದು ನಡುವೆ ಕವಲೊಡೆದ ಸೀಳು. ಆ ಸೀಳನ್ನು ನೋಡಿದ ಕೂಡಲೇ ಗುರುತಿಸಿದೆ. ಅದರ ಪಕ್ಕದಲ್ಲೇ ನಾನು ಎಷ್ಟೋ ಸಲ ಸ್ಟ್ಯಾಂಡ್ ಊರಿದ್ದೇನೆ. ಫೋಟೋದಲ್ಲಿ ಮರಳು ಕವಲಿನವರೆಗೂ ತುಂಬಿದೆ. ಈಗ ಕವಲಿನಿಂದ ಕೆಳಕ್ಕೆ ಎರಡು ಮೊಳ ಕಲ್ಲು ಬರಿದಾಗಿ, ಅದರ ತುಂಬ ಸಿಂಪಿ ಕಚ್ಚಿಕೊಂಡಿದೆ. ದಂಡೆ ಅಷ್ಟು ಮರಳು ಕಳೆದುಕೊಂಡಿತು ಎಂದು ಬರೆದುಬಿಡಬಹುದೇ? ಆಗದು. ಮಳೆಗಾಲದ ಅಲೆ ಮರಳನ್ನು ಎಳೆದೊಯ್ಯುತ್ತದೆ, ಚಳಿಗಾಲದ ಶಾಂತ ಅಲೆ ಮರಳಿ ತಂದು ಹಾಕುತ್ತದೆ. ಫೋಟೋ ಜನವರಿಯದೋ ಆಗಸ್ಟಿನದೋ ತಿಳಿಯದೆ ಹೋಲಿಸುವಂತಿಲ್ಲ. ಹಿಂಬದಿಯಲ್ಲಿ ಮಾವನವರ ದುಂಡು ಅಕ್ಷರದಲ್ಲಿ "ದಾದರ್ ಚೌಪಾಟಿ" ಎಂದಿದೆ, ಅಷ್ಟೇ. ತಾರೀಖಿಲ್ಲ.

ತಾರೀಖು ಮತ್ತು ಗಂಟೆ ಇದ್ದಿದ್ದರೆ? ಅಪೋಲೋ ಬಂದರಿನಲ್ಲಿ ನೀರಿನ ಮಟ್ಟ ಅಳೆಯುವ ಮಾಪಕದ ದಾಖಲೆ 1878ರಿಂದ ಇದೆ, ಏಷ್ಯಾದಲ್ಲೇ ಬಹು ಹಳೆಯ ದಾಖಲೆಗಳಲ್ಲಿ ಒಂದು. ಉತ್ತರ ಹಿಂದೂ ಮಹಾಸಾಗರ ಕಳೆದ ಶತಮಾನದಲ್ಲಿ ವರ್ಷಕ್ಕೆ 1ರಿಂದ 2 ಮಿಲಿಮೀಟರಿನಂತೆ ಏರಿತೆಂದು ವಿಜ್ಞಾನಿಗಳು ಹೇಳುವುದು ಇಂಥ ದಾಖಲೆಗಳ ಬಲದಿಂದ. ದಿನವೂ ಗಂಟೆಯೂ ಗೊತ್ತಿರುವ ಫೋಟೋದಲ್ಲಿ ನೀರಿನ ಅಂಚು ಬಂಡೆಯ ಯಾವ ಸೀಳಿಗೆ ತಾಗಿದೆ ಎಂದು ಕಂಡರೆ, ಆ ಹೊತ್ತಿನ ನೀರಿನ ಎತ್ತರ ಲೆಕ್ಕಕ್ಕೆ ಸಿಗುತ್ತದೆ. ಅಲ್ಲಿಂದ ಮರಳಿನ ಎತ್ತರವೂ ಸಿಗುತ್ತದೆ. ಆಗ ಆ ಫೋಟೋ ಮಕ್ಕಳ ನೆನಪೂ ಹೌದು, ದಂಡೆಯ ಸರ್ವೆಯೂ ಹೌದು. ಅತ್ತೆಗೆ ನಾನು ಕೊಡಬೇಕಾಗಿದ್ದ ಉತ್ತರ ಇದು.

ಈ ದಂಡೆಯಲ್ಲಿ ಬೆಳಗಿನ ಬೆಳಕಿನ ರೀತಿಯೇ ಬೇರೆ. ದಾದರಿನ ಕಡಲು ಪಶ್ಚಿಮಕ್ಕಿದೆ. ಸೂರ್ಯ ಹುಟ್ಟುವುದು ಬೆನ್ನ ಹಿಂದೆ, ಕಟ್ಟಡಗಳ ಆಚೆ. ಬಿಸಿಲು ಬಂಡೆಗೆ ತಲುಪುವುದು ತಡವಾಗಿ. ಅಲ್ಲಿಯವರೆಗೆ ನೆರಳಿಲ್ಲದ, ತಣ್ಣನೆಯ ಬೆಳಕು. ಕಲ್ಲಿನ ಮೇಲಿನ ಪಟ್ಟಿಗಳನ್ನು ಓದಲು ಅದಕ್ಕಿಂತ ಒಳ್ಳೆಯ ಬೆಳಕಿಲ್ಲ: ಎಲ್ಲಕ್ಕಿಂತ ಮೇಲೆ ಬಿಳಿ ಬಾರ್ನಕಲ್ ಚಿಪ್ಪುಗಳ ಪಟ್ಟಿ, ಅದರ ಕೆಳಗೆ ಕಾಲವ ಎಂಬ ಸಿಂಪಿ, ಇನ್ನೂ ಕೆಳಗೆ ಹಸಿರು ಪಾಚಿ, ನೀರು ನಿಂತಲ್ಲಿ ಗುಂಡಿಯ ತಳಕ್ಕೆ ಅಂಟಿ ಬಾಯಿ ತೆರೆದ ಸಮುದ್ರದ ಹೂಗಳು. ಹುಣ್ಣಿಮೆಯ ಬೆಳಗ್ಗೆಯಾದರೆ ಎದುರಿಗೆ ಚಂದ್ರ ಕೊಲ್ಲಿಯ ಮೇಲೆ ಮುಳುಗುತ್ತಿರುತ್ತಾನೆ, ಹಿಂದೆ ಪರೇಲಿನ ಕಡೆ ಬೆಳಕು ಹರಿಯುತ್ತಿರುತ್ತದೆ. ಸೂರ್ಯ, ಭೂಮಿ, ಚಂದ್ರ ಒಂದೇ ಸಾಲಿಗೆ ಬಂದದ್ದಕ್ಕೇ ಆ ಉಧಾಣ, ಅದಕ್ಕೇ ಕಾಲ ಕೆಳಗೆ ಬಂಡೆ ತೆರೆದಿರುವುದು.

ನಾಲೆಯ ವಾಸನೆಯೂ ಇರುತ್ತದೆ, ಅದನ್ನು ಮರೆಮಾಚಬಾರದು. ಗಣಪತಿ ವಿಸರ್ಜನೆಯ ಮರುದಿನ ಇಳಿತದಲ್ಲಿ ಕರಗದ ಪ್ಲಾಸ್ಟರ್ ಮೂರ್ತಿಗಳ ಕೈಕಾಲುಗಳು ಬಂಡೆಗಳ ನಡುವೆ ಸಿಕ್ಕಿಕೊಂಡಿರುತ್ತವೆ. ಅವನ್ನೂ ತೆಗೆದಿದ್ದೇನೆ.

ನೀರು ತಿರುಗುವ ಹೊತ್ತನ್ನು ನನಗೆ ಕಲಿಸಿದ್ದು ಕಾಲವ ಕೀಳುವ ಒಬ್ಬ ಕೋಲಿ ಹೆಂಗಸು. ಕೈಯಲ್ಲಿ ಕಬ್ಬಿಣದ ಸಣ್ಣ ಕೊಕ್ಕೆ, ಸೊಂಟಕ್ಕೆ ಕಟ್ಟಿದ ಚೀಲ. ನಾನು ಒಂದು ಗುಂಡಿಯ ಮೇಲೆ ಬಗ್ಗಿದ್ದಾಗ, "ಬಾಯೀ, ನಿಮ್ಮ ಪೆಟ್ಟಿಗೆ ಎತ್ತಿಕೊಳ್ಳಿ, ಪಾಣಿ ಬಂತು" ಎಂದರು. ನನಗೆ ಸಮುದ್ರ ಅಲ್ಲೇ ದೂರದಲ್ಲಿತ್ತು. ಅವರು ಕೊಕ್ಕೆಯಿಂದ ತೋರಿಸಿದರು: ಎರಡು ಬಂಡೆಗಳ ನಡುವಿನ ಸಣ್ಣ ಕಾಲುವೆಯಲ್ಲಿ ಅಷ್ಟು ಹೊತ್ತು ಹೊರಕ್ಕೆ ಹರಿಯುತ್ತಿದ್ದ ನೊರೆ ನಿಂತು, ಒಂದು ಸುತ್ತು ತಿರುಗಿ, ಒಳಕ್ಕೆ ಬರತೊಡಗಿತ್ತು. ಅಂದಿನಿಂದ ನಾನು ನೋಡುವುದು ಅಲೆಯನ್ನಲ್ಲ, ಆ ಕಾಲುವೆಯನ್ನು.

ಈಗ ದೃಶ್ಯ ಬದಲಾಗಿದೆ. 2009ರ ಜೂನ್ 30ರಂದು ತೆರೆದ 5.6 ಕಿಲೋಮೀಟರಿನ ಬಾಂದ್ರಾ–ವರ್ಲಿ ಸೇತುವೆ ಎರಡು ಕೋಟೆಗಳ ನಡುವಿನ ಬಯಲನ್ನು ಅಡ್ಡಹಾದು ನಿಂತಿದೆ. ದಂಡೆಯ ಮರಳು ಕೊಚ್ಚಿಹೋಗಲು ಕೊಲ್ಲಿಯ ಬಾಯಿಯಲ್ಲಿ ಮಾಡಿದ ಈ ಕಟ್ಟೋಣಗಳೇ ಕಾರಣವೆಂದು ದಾದರಿನ ಜನ ದೂರುತ್ತಲೇ ಬಂದಿದ್ದಾರೆ. 2022ರಲ್ಲಿ ಚೈತ್ಯಭೂಮಿಯ ಬಳಿ ಮಳೆನೀರಿನ ನಾಲೆಯ ಮೇಲೆಯೇ ವೀಕ್ಷಣಾ ಕಟ್ಟೆ ಬಂತು. ದಕ್ಷಿಣಕ್ಕೆ ಕರಾವಳಿ ರಸ್ತೆಗಾಗಿ ಸಮುದ್ರ ತುಂಬುವಾಗ, ವರ್ಲಿ ಮತ್ತು ಹಾಜಿ ಅಲಿಯ ಬಂಡೆಗಳ ಹವಳಗಳನ್ನು 2020ರಲ್ಲಿ ಕಿತ್ತು ಕೊಲಾಬಾದ ಕಡೆ ನೆಟ್ಟರು. ಮುಂಬಯಿಯ ನಡುವೆ ಹವಳ ಇದೆಯೆಂದು ಎಷ್ಟೋ ಜನರಿಗೆ ಗೊತ್ತಾದದ್ದೇ ಆಗ. ಅದಕ್ಕೂ ಮೊದಲೇ, 2017ರಲ್ಲಿ, ಪ್ರದೀಪ ಪಾತಾಡೆ ಮತ್ತು ಸಂಗಡಿಗರು ಮರೀನ್ ಲೈಫ್ ಆಫ್ ಮುಂಬೈ ಎಂಬ ಗುಂಪು ಕಟ್ಟಿ, ಇಳಿತದ ಹೊತ್ತಿಗೆ ಜನರನ್ನು ಬಂಡೆಗಳ ಮೇಲೆ ಕರೆದೊಯ್ದು ಜೀವಿಗಳನ್ನು ತೋರಿಸಿ, ಚಿತ್ರಸಹಿತ ದಾಖಲಿಸತೊಡಗಿದ್ದರು. ಈ ದಂಡೆಗೆ ಸಿಕ್ಕ ಅತ್ಯಂತ ಒಳ್ಳೆಯ ಉಪಕಾರ ಅದು.

ಈಗ ಬೆಳಗ್ಗೆ ಬರುವ ಹುಡುಗ ಹುಡುಗಿಯರು ಗಾಢ ಫಿಲ್ಟರ್ ಹಾಕಿ ಅರ್ಧ ನಿಮಿಷದ ಎಕ್ಸ್‌ಪೋಷರ್ ಕೊಡುತ್ತಾರೆ. ಅಲೆಗಳೆಲ್ಲ ಮಂಜಾಗಿ, ಮಂಜಿನಿಂದ ಸೇತುವೆಯ ಕಂಬಗಳು ಎದ್ದು ನಿಲ್ಲುತ್ತವೆ. ಸುಂದರವಾಗಿಯೇ ಇರುತ್ತದೆ. ಆದರೆ ನೀರಿನ ಅಂಚು ಅಳಿಸಿಹೋಗುತ್ತದೆ, ಕಲ್ಲಿನ ಬುಡ ಕಾಣುವುದಿಲ್ಲ. ಹಸಿ ಪ್ಲೇಟಿನವರಿಗೆ ಬೇರೆ ದಾರಿಯಿರಲಿಲ್ಲ, ನಮಗಿದೆ. ಮೊದಲು ಫಿಲ್ಟರ್ ಇಲ್ಲದೆ, ನೀರು ನಿಂತಂತೆ ಬರುವ ವೇಗದಲ್ಲಿ, ವರ್ಲಿ ಕೋಟೆಯೋ ಬಾಂದ್ರಾದ ತುದಿಯೋ ಚೌಕಟ್ಟಿನಲ್ಲಿ ಬರುವಂತೆ ಒಂದು ಸಾದಾ ಚಿತ್ರ ತೆಗೆದಿಡಿ, ಆಮೇಲೆ ನಿಮ್ಮ ಕಲೆಗೆ ಹೋಗಿ ಎಂದು ನನ್ನ ಪಕ್ಕ ನಿಲ್ಲುವ ಎಲ್ಲರಿಗೂ ಹೇಳುತ್ತೇನೆ. ಮೊಬೈಲು ಗಂಟೆಯನ್ನು ತಾನೇ ಬರೆದುಕೊಳ್ಳುತ್ತದೆ. ಆದರೆ ಆ ಚಿತ್ರವನ್ನು ಯಾರಿಗಾದರೂ ಕಳಿಸುವಾಗ ಆ ವಿವರ ಕಳಚಿಹೋಗುವುದುಂಟು. ಆದ್ದರಿಂದ ದಿನ, ಹೊತ್ತು, ತಿಥಿ ಮೂರನ್ನೂ ಬೇರೆ ಬರೆದಿಡಿ.

ಈ ಪತ್ರಿಕೆ ಓದುವ ಮುಂಬಯಿ ಕನ್ನಡಿಗರ ಮನೆಗಳಲ್ಲಿ, ಮುಂಬಯಿ ಬಿಟ್ಟು ಊರಿಗೆ ಮರಳಿದವರ ಟ್ರಂಕುಗಳಲ್ಲಿ ದಾದರ್, ಮಾಹೀಮ್, ಬಾಂದ್ರಾ ದಂಡೆಯ ಹಳೆಯ ಫೋಟೋಗಳು ಖಂಡಿತ ಇವೆ. ಹೊರತೆಗೆಯಿರಿ. ಮನೆಯ ಹಿರಿಯರು ಇರುವಾಗಲೇ ಕೇಳಿ: ಯಾವ ವರ್ಷ, ಮಳೆಗಾಲದ ಮೊದಲೋ ಆಮೇಲೋ, ಬೆಳಗ್ಗೆಯೋ ಸಂಜೆಯೋ, ಮಗುವಿಗೆ ಆಗ ಎಷ್ಟು ವಯಸ್ಸು. ಕೇಳಿದ್ದನ್ನು ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಿರಿ. ಬಾಲ್‌ಪೆನ್ನು ಬೇಡ, ಅದರ ಒತ್ತು ಮುಂಬದಿಯಲ್ಲಿ ಮೂಡುತ್ತದೆ, ಶಾಯಿ ಕಾಲಾಂತರದಲ್ಲಿ ಚಿತ್ರಕ್ಕೆ ಇಳಿಯುತ್ತದೆ.